ಆ್ಯಪ್‌ನಲ್ಲಿ ಅಲೆ 0.9 ಮೀಟರ್ ಅಂತಿದೆ, ಈಜಲು ಇಳಿಯಬಹುದಾ?

ಕೊಳದಮೀನು
ರಜೆಗೆ ಒಂದು ವಾರ ಕಡಲತೀರದಲ್ಲಿ ಇರೋ ಯೋಜನೆ. ಇಬ್ಬರು ದೊಡ್ಡವರು, 9 ಮತ್ತು 13 ವರ್ಷದ ಇಬ್ಬರು ಮಕ್ಕಳು. ನಾಲ್ವರಿಗೂ ಈಜು ಬರುತ್ತೆ, ಆದರೆ ಕೊಳದ ಈಜು ಮಾತ್ರ. ಹವಾಮಾನದ ಆ್ಯಪ್ ತೆರೆದರೆ ದಿನಕ್ಕೊಂದು ಸಾಲು ಸಿಗುತ್ತೆ: ಅಲೆ 0.9 ಮೀಟರ್, ಅವಧಿ 13 ಸೆಕೆಂಡ್, ಗಾಳಿ ಗಂಟೆಗೆ 11 ಕಿಮೀ. ಪಕ್ಕದಲ್ಲಿ ಒಂದು ಹಸಿರು ಚುಕ್ಕೆ. ಎಷ್ಟು ಮೀಟರ್‌ವರೆಗೆ ಇಳಿಯಬಹುದು, ಎಷ್ಟರ ಮೇಲೆ ಬೇಡ? ಒಂದು ಸಂಖ್ಯೆ ಹೇಳಿ, ಅದನ್ನೇ ಹಿಡ್ಕೋತೀವಿ. ಲೈಫ್‌ಗಾರ್ಡ್ ಇರೋ ತೀರ, ಇಲ್ಲದ ತೀರ ಎರಡೂ ಪಟ್ಟಿಯಲ್ಲಿವೆ.

ನೊರೆತೆರೆ
ಲೈಫ್‌ಗಾರ್ಡ್ ಇಲ್ಲದ ತೀರಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಅರ್ಧ ಪ್ರಶ್ನೆ ಅಲ್ಲಿಗೇ ಮುಗೀತು.

ಲೆಕ್ಕದಮೇಷ್ಟ್ರು
ಕೇಳಿದ್ದು ಒಂದು ಸಂಖ್ಯೆ. ನಿಮ್ಮ ಸಾಲಿನಲ್ಲಿ ಅಲೆಗೆ ಎರಡು ಸಂಖ್ಯೆ ಇವೆ, ತಲೆನೋವು ಕೂತಿರೋದು ಎರಡನೆಯದರಲ್ಲಿ.

ಮೊದಲು 0.9. ಬರೋ ಅಲೆಗಳೆಲ್ಲಾ 0.9 ಇರುತ್ತವೆ ಅಂತ ಓದಬೇಡಿ. ಅಲೆಗಳನ್ನು ಎತ್ತರದ ಪ್ರಕಾರ ಸಾಲಾಗಿ ಜೋಡಿಸಿ, ಮೇಲಿನ ಮೂರನೇ ಒಂದು ಭಾಗದ ಸರಾಸರಿ ತೆಗೆದರೆ ಬರೋ ಅಂಕಿ ಅದು. ಕೆಲವು ಗಂಟೆ ಕಾದರೆ ಇದರ ಹತ್ತಿರ ಹತ್ತಿರ ಎರಡರಷ್ಟು, ಅಂದರೆ 1.7 ಮೀಟರ್ ಆಸುಪಾಸಿನ ಅಲೆಯೂ ಬರೋದು ಮಾಮೂಲಿ.

ಈಗ 13 ಸೆಕೆಂಡ್, ಅಂದರೆ ಒಂದು ಅಲೆಯ ತುದಿ ಹಾದುಹೋದ ಮೇಲೆ ಮುಂದಿನದರ ತುದಿ ಬರೋಕೆ ಹಿಡಿಯೋ ಹೊತ್ತು. ಅಲೆ ಹೊತ್ತು ತರೋ ಶಕ್ತಿ ಎತ್ತರದ ವರ್ಗಕ್ಕೂ ಅವಧಿಗೂ ಅನುಗುಣವಾಗಿ ಏರುತ್ತೆ. ಅದೇ 0.9 ಮೀಟರ್, 5 ಸೆಕೆಂಡ್ ಇದ್ದಿದ್ದರೆ ಅದಕ್ಕಿಂತ 13 ಸೆಕೆಂಡಿನದು ಎರಡೂವರೆ ಪಟ್ಟಿಗಿಂತ ಹೆಚ್ಚು. ಆಳದ ನೀರಿನಲ್ಲಿ ಅಲೆಯ ಉದ್ದ ಅಂದರೆ ಅವಧಿಯ ವರ್ಗದ 1.56 ಪಟ್ಟು: 5 ಸೆಕೆಂಡಿಗೆ 39 ಮೀಟರ್, 13ಕ್ಕೆ 260 ದಾಟುತ್ತೆ. ಇಷ್ಟು ಉದ್ದದ ಅಲೆ ದಡದ ಹತ್ತಿರ ತಳ ತಾಗಿ ನಿಧಾನವಾದಾಗ ಉದ್ದ ಕುಗ್ಗಿ ಎತ್ತರಕ್ಕೆ ಏಳುತ್ತೆ. ತೆರೆದ ಕಡಲಿನಿಂದ ನೇರವಾಗಿ ಬಂದರೆ 5 ಸೆಕೆಂಡಿನದು ಸುಮಾರು 1 ಮೀಟರಿಗೆ ಒಡೆದರೆ, 13 ಸೆಕೆಂಡಿನದು ಒಂದೂವರೆ ಮೀಟರ್ ಆಗಿ, ಸುಮಾರು 2 ಮೀಟರ್ ಆಳದಲ್ಲಿ ಒಡೆಯುತ್ತೆ. ಆ್ಯಪ್‌ನಲ್ಲಿ ಎರಡೂ 0.9.

ಕೊಳದಮೀನು
ಹಾಗಿದ್ರೆ ಆ ಹಸಿರು ಚುಕ್ಕೆ ಯಾಕೆ ಕೊಟ್ಟಿದ್ದಾರೆ?

ಪಡುವಣಗಾಳಿ
ಬಿಸಿಲಿದೆ, ಮಳೆ ಇಲ್ಲ, ಗಾಳಿ ಕಡಿಮೆ ಅಂತ. ಸಾಮಾನ್ಯ ಹವಾಮಾನದ ಆ್ಯಪ್‌ನ ಚುಕ್ಕೆ ನೋಡೋದು ಆಕಾಶವನ್ನ, ನೀರನ್ನಲ್ಲ. ಎಲ್ಲೋ ದೂರದಲ್ಲಿ ಬಿರುಗಾಳಿ ಬೀಸಿ ಎದ್ದ ಅಲೆಗಳು ಗಾಳಿ ನಿಂತ ಮೇಲೂ ಪ್ರಯಾಣ ಮಾಡುತ್ತಲೇ ಇರುತ್ತವೆ. 13 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 36 ಕಿಮೀ ಹೋಗುತ್ತೆ, ದಿನಕ್ಕೆ 850 ಕಿಮೀ ಮೇಲೆ. ಮೂರು ದಿನದ ಹಿಂದೆ 2,500 ಕಿಮೀ ಆಚೆ ಆದ ಗಲಾಟೆ ನಿಮ್ಮ ತೀರಕ್ಕೆ ತಿಳಿ ಆಕಾಶದ ದಿನ ಬಂದು ಮುಟ್ಟುತ್ತೆ. ಗಾಳಿ 11 ಕಿಮೀ, ಅವಧಿ 13 ಸೆಕೆಂಡ್ ಅಂತ ಒಟ್ಟಿಗೆ ಕಂಡರೆ ಇದೇ ಕತೆ. ನಿಮ್ಮ ತೀರದ ಗಾಳಿಯಿಂದ ಎದ್ದ ಅಲೆ ಅಲ್ಲ ಅದು.

ಸಂಖ್ಯೆ ಬೇಕೇ ಬೇಕು ಅಂದ್ರಲ್ಲ, ತಗೊಳ್ಳಿ. ಇದು ನಿಯಮವಲ್ಲ, ಕೊಳದ ಈಜುಗಾರರಿಗೆ ನನ್ನ ಅಂದಾಜು. ಅರ್ಧ ಮೀಟರಿಗಿಂತ ಕಡಿಮೆ, ಅವಧಿ 8 ಸೆಕೆಂಡಿನೊಳಗೆ: ಲೈಫ್‌ಗಾರ್ಡ್‌ಗಳು ನೆಟ್ಟ ಬಾವುಟಗಳ ನಡುವೆ ಧಾರಾಳವಾಗಿ ಇಳಿಯಿರಿ. ಅರ್ಧದಿಂದ 1 ಮೀಟರ್: ದೊಡ್ಡವರ ಸೊಂಟದ ಮಟ್ಟ ದಾಟಬೇಡಿ, ಮಕ್ಕಳು ಕೈಗೆ ಸಿಗೋ ದೂರದಲ್ಲಿ. 1 ಮೀಟರಿನ ಮೇಲೆ, ಅಥವಾ ಎತ್ತರ ಎಷ್ಟೇ ಇರಲಿ ಅವಧಿ 12ರ ಮೇಲಿದ್ದರೆ ಮೊಣಕಾಲು ನೀರಿಗೆ ನಿಲ್ಲಿಸಿ. ನೀವು ಹಾಕಿರೋ ಸಾಲು ಕೊನೆಯ ಗುಂಪಿಗೆ ಸೇರಿದ್ದು.

ಕಡಿದಾದದಡ
ಪಡುವಣಗಾಳಿಯವರೇ, ಈ ಪಟ್ಟಿಯನ್ನು ಯಾರಾದರೂ ಕಣ್ಣು ಮುಚ್ಚಿ ನಂಬಿದರೆ ಕುತ್ತಿಗೆ ಮುರ್ಕೋತಾರೆ. ಅಕ್ಷರಶಃ. ದಡ ಕಡಿದಾಗಿದ್ದರೆ ಅರ್ಧ ಮೀಟರಿನ ಅಲೆಯೂ ಮೊಣಕಾಲುದ್ದ ನೀರಿನ ಮೇಲೆ ಸುರುಳಿಯಾಗಿ ಬಡಿಯುತ್ತೆ. ತಲೆ ಮುಂದಾಗಿ ಬಿದ್ದರೆ ಕೆಳಗಿರೋದು ಗಟ್ಟಿ ಒದ್ದೆ ಮರಳು. ತೀರದಲ್ಲಿ ಬೆನ್ನುಹುರಿಗೆ ಪೆಟ್ಟು ಬೀಳೋದು ಹೆಚ್ಚಾಗಿ ಆಳದಲ್ಲಲ್ಲ, ಇಂಥ ಅಂಚಿನಲ್ಲಿ. ಮೊಣಕಾಲು ನೀರು ಸುರಕ್ಷಿತ ಅಂದದ್ದು ಇಳಿಜಾರು ಸಣ್ಣದಿರೋ ತೀರಕ್ಕೆ ಮಾತ್ರ ಸರಿ.

ಪಡುವಣಗಾಳಿ
ಒಪ್ಪಿದೆ. ಸಾಲಿಗೆ "ಇಳಿಜಾರು ಸಣ್ಣದಿದ್ದರೆ" ಅಂತ ಸೇರಿಸಿ ಓದಿಕೊಳ್ಳಲಿ.

ಕೊಳದಮೀನು
ದಡ ಕಡಿದೋ ಸಮವೋ ಅಂತ ನೀರಿಗೆ ಇಳಿಯದೆ ಗೊತ್ತಾಗೋದು ಹೇಗೆ?

ಕಡಿದಾದದಡ
ನೊರೆ ಎಲ್ಲಿದೆ ನೋಡಿ. ದಡದಿಂದ 80-100 ಮೀಟರ್ ಆಚೆಯೇ ಒಡೆಯಲು ಶುರುವಾಗಿ, ಒಂದರ ಹಿಂದೆ ಒಂದು ಮೂರ್ನಾಲ್ಕು ಬಿಳಿ ಸಾಲು ನಿಧಾನವಾಗಿ ಉರುಳಿ ಬರುತ್ತಿದ್ದರೆ ತಳ ಸಮ. ಆಚೆ ಏನೂ ಒಡೆಯದೆ, ಅಂಚಿನಲ್ಲಿ ಮಾತ್ರ ಒಂದೇ ಸಾಲು ಎದ್ದು ದಪ್ ಅಂತ ಬಿದ್ದರೆ ಕಡಿದು. ಸದ್ದು ಕೂಡ ಬೇರೆ: ಸಮ ತೀರದಲ್ಲಿ ಎಡೆಬಿಡದ ಮೊರೆತ, ಕಡಿದಾದ ಕಡೆ ಬಿಟ್ಟು ಬಿಟ್ಟು ಬಡಿಯೋ ಸದ್ದು. ಮರಳು ದಪ್ಪ ಹರಳಾಗಿ ಕಾಲು ಹೂತುಹೋಗುವಂತಿದ್ದರೂ ಅಲ್ಲಿ ದಡ ಕಡಿದಾಗಿರೋ ಸಾಧ್ಯತೆ ಹೆಚ್ಚು. ನಯವಾದ, ನಡೆದರೆ ಗಟ್ಟಿಯಾಗಿರೋ ಮರಳು ಸಾಮಾನ್ಯವಾಗಿ ಸಮ ತೀರದ್ದು.

ಕಡಲಕಾಗೆ
ಎಲ್ಲರೂ ಅಂಕಿಗಳಲ್ಲೇ ಮುಳುಗಿದ್ದೀರಲ್ಲ ಮಾರಾಯ್ರೇ. ತೀರಕ್ಕೆ ಹೋದ ಮೇಲೆ ಮೊದಲು ಮಾಡಬೇಕಾದ್ದು ಏನೂ ಮಾಡದೆ ಹದಿನೈದು ನಿಮಿಷ ನಿಲ್ಲೋದು. ಬಟ್ಟೆ ಬದಲಾಯಿಸೋ ಮೊದಲೇ. ಒಂದು ಸಲ ಚಡ್ಡಿ ಹಾಕಿದ ಮಕ್ಕಳನ್ನು ತಡೆಯೋಕೆ ಆಗಲ್ಲ.

ಹದಿನೈದು ನಿಮಿಷ ಯಾಕೆ? ದೂರದಿಂದ ಬರೋ ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ಐದಾರು ದೊಡ್ಡವು, ಆಮೇಲೆ ಹಲವು ನಿಮಿಷ ಸಪ್ಪೆ. ಜನ ಸಪ್ಪೆ ಹೊತ್ತಿನಲ್ಲಿ ನೋಡಿ "ಇಷ್ಟೇನಾ" ಅಂತ ಇಳಿಯುತ್ತಾರೆ, ಎದೆಮಟ್ಟದಲ್ಲಿ ಇರುವಾಗ ಮುಂದಿನ ಗುಂಪು ಬರುತ್ತೆ. ಕನಿಷ್ಠ ಎರಡು ದೊಡ್ಡ ಗುಂಪು ಕಣ್ಣಮುಂದೆ ಹಾದುಹೋಗುವ ತನಕ ಲೆಕ್ಕ ಮುಗಿಯಲ್ಲ.

ನಿಲ್ಲೋದು ಎತ್ತರದ ಜಾಗದಲ್ಲಿ. ಮರಳ ದಿಬ್ಬವೋ, ಮೆಟ್ಟಿಲೋ, ವಾಹನ ನಿಲ್ಲಿಸೋ ಜಾಗವೋ, ಯಾವುದಾದರೂ ಸರಿ. ನೀರಿನ ಮಟ್ಟದಲ್ಲಿ ನಿಂತರೆ ಎಲ್ಲಾ ಅಲೆಯೂ ಒಂದೇ ಗೆರೆಯಾಗಿ ಕಾಣುತ್ತೆ. ಮೇಲಿನಿಂದ ನೋಡಿದರೆ ಬಿಳಿ ಸಾಲುಗಳ ಮಧ್ಯೆ ಬಿರುಕು ಕಾಣುತ್ತೆ: ಎಡಕ್ಕೂ ಬಲಕ್ಕೂ ಅಲೆ ಒಡೀತಿದೆ, ನಡುವೆ 10-20 ಮೀಟರ್ ಅಗಲದ ಪಟ್ಟಿಯಲ್ಲಿ ಒಡೀತಿಲ್ಲ. ನೀರಿನ ಬಣ್ಣ ಅಕ್ಕಪಕ್ಕಕ್ಕಿಂತ ಗಾಢ. ಮೇಲ್ಮೈ ನುಣುಪಾಗಿಲ್ಲ, ಸಣ್ಣ ಸಣ್ಣ ಸುಕ್ಕು. ಒಂದು ತುಂಡು ನೊರೆ ಅಥವಾ ತೇಲೋ ಎಲೆ ಹುಡುಕಿ ಅದನ್ನೇ ಒಂದು ನಿಮಿಷ ನೋಡ್ತಾ ಇರಿ. ಉಳಿದ ಕಡೆ ನೊರೆ ದಡಕ್ಕೆ ಬರುತ್ತಿದ್ದರೆ, ಈ ಪಟ್ಟಿಯಲ್ಲಿ ಅದು ಕಡಲ ಕಡೆಗೆ ಹೋಗ್ತಾ ಇರುತ್ತೆ. ಕೊನೆಯಲ್ಲಿ, ಅಲೆ ಒಡೆಯೋ ಸಾಲಿನ ಆಚೆ, ಕಲಕಿದ ಮರಳಿನ ಬಣ್ಣ ಅಣಬೆಯ ತಲೆಯ ಹಾಗೆ ಹರಡಿರುತ್ತೆ. ಈ ಪಟ್ಟಿಯೇ ರಿಪ್, ದಡದಿಂದ ಕಡಲ ಕಡೆಗೆ ಓಡೋ ಹರಿವು.

ಸಂಜೆತೀರ
ಅಲೆ ಇಲ್ಲದ ಜಾಗದಲ್ಲೇ ಮಕ್ಕಳನ್ನು ಆಡಿಸಿ ಅಂತ ಎಲ್ಲರೂ ಹೇಳೋದು. ನೀವು ಅದೇ ಕೆಟ್ಟ ಜಾಗ ಅಂತಿದ್ದೀರಿ. ಯಾವುದು ಸರಿ?

ಕಡಲಕಾಗೆ
ಸುತ್ತ ಅಲೆ ಒಡೀತಿದ್ದು ಒಂದೇ ಪಟ್ಟಿಯಲ್ಲಿ ಇಲ್ಲ ಅಂದರೆ ಅಲ್ಲಿ ಯಾಕಿಲ್ಲ ಅಂತ ಕೇಳಿ. ಅಲೆ ಒಡೆಯಬೇಕಾದರೆ ತಳ ಆಳವಿಲ್ಲದ್ದಾಗಿರಬೇಕು. ನೀರೊಳಗಿನ ಮರಳ ದಿಣ್ಣೆಗಳ ಮೇಲೆ ಅಲೆ ಒಡೆದು ನೀರನ್ನು ದಡದ ಕಡೆ ತಳ್ಳುತ್ತಾ ಇರುತ್ತೆ. ಹಾಗೆ ಪೇರಿಸಿದ ನೀರು ವಾಪಸ್ ಹೋಗಲೇಬೇಕಲ್ಲ, ದಿಣ್ಣೆ ಕಡಿದಿರೋ ತಗ್ಗನ್ನು ಹುಡುಕಿ ಅಲ್ಲಿಂದ ನುಗ್ಗುತ್ತೆ. ತಗ್ಗಿನಲ್ಲಿ ಆಳ ಜಾಸ್ತಿ, ಅದಕ್ಕೇ ಒಡೆಯಲ್ಲ, ಅದಕ್ಕೇ ಬಣ್ಣ ಗಾಢ, ಅದಕ್ಕೇ ಪ್ರಶಾಂತವಾಗಿ ಕಾಣೋದು. ಇಡೀ ಕೊಲ್ಲಿಯೇ ಶಾಂತವಾಗಿದ್ದರೆ ಅದು ಬೇರೆ ಮಾತು, ಅಲ್ಲಿ ಆಡಿಸಿ.

ಕಲ್ಲುಕಟ್ಟೆ
ಒಂದು ತಿದ್ದುಪಡಿ. ಗಾಢ ಬಣ್ಣದ ಬಿರುಕು ಕಂಡಿಲ್ಲ ಅಂದರೆ ರಿಪ್ ಇಲ್ಲ ಅಂತ ತೀರ್ಮಾನಿಸಬೇಡಿ. ಗಾಳಿಯಿಂದ ಎದ್ದ ಕಲಸುಮೇಲೋಗರದ ಅಲೆಗಳಿದ್ದಾಗ ತಗ್ಗೇ ಇಲ್ಲದ ಕಡೆಯೂ ಒಂದೆರಡು ನಿಮಿಷ ಎದ್ದು, ಜಾಗ ಬದಲಿಸಿ, ಮಾಯವಾಗೋ ರಿಪ್‌ಗಳು ಇರುತ್ತವೆ. ದಡದಲ್ಲಿ ನಿಂತು ಅದನ್ನು ಮೊದಲೇ ಗುರುತಿಸೋದು ಅಸಾಧ್ಯಕ್ಕೆ ಹತ್ತಿರ.

ಇನ್ನೊಂದು ಬಗೆಯದು ಹುಡುಕೋದೇ ಬೇಡ, ಅಲ್ಲೇ ಇರುತ್ತೆ: ಕಲ್ಲಿನ ತಡೆಗೋಡೆ, ಜೆಟ್ಟಿ, ಬಂಡೆ ಚಾಚಿದ ಮೂಲೆ. ದಡದುದ್ದಕ್ಕೆ ಹರಿಯೋ ನೀರು ಗೋಡೆಗೆ ಬಡಿದು, ಬೇರೆ ದಾರಿ ಇಲ್ಲದೆ ಗೋಡೆಗುಂಟ ಕಡಲಿಗೆ ತಿರುಗುತ್ತೆ. ಗೋಡೆಯಿಂದ ಕನಿಷ್ಠ 30 ಮೀಟರ್ ದೂರ ಇರಿ. ನೆರಳಿದೆ, ಕೂರೋಕೆ ಕಲ್ಲಿದೆ ಅಂತ ಕುಟುಂಬಗಳು ಸೇರೋದು ಅಲ್ಲೇ ಅನ್ನೋದು ವಿಪರ್ಯಾಸ.

ಬಿಸಿಲುಗನ್ನಡಿ
ಪೋಲರೈಸ್ಡ್ ತಂಪು ಕನ್ನಡಕ ಹಾಕಿ ನೋಡಿ. ನೀರಿನ ಮೇಲಿನ ಹೊಳಪು ಹೋಗಿ ದಿಣ್ಣೆ, ತಗ್ಗು ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಸೂರ್ಯ ಎದುರಿಗಿದ್ದರೆ ಕನ್ನಡಕವೂ ಸಾಕಾಗಲ್ಲ.

ಸಂಜೆತೀರ
ಚೆನ್ನಾಗಿ ಈಜು ಬರೋರಿಗೆ ಇದೆಲ್ಲಾ ಅಷ್ಟು ಹೆದರಿಕೆಯ ವಿಷಯ ಏನಲ್ಲ ಬಿಡಿ. 10-20 ಮೀಟರ್ ಅಗಲದ್ದು ತಾನೇ?

ಲೆಕ್ಕದಮೇಷ್ಟ್ರು
ಲೆಕ್ಕ ಹಾಕೋಣ. ಸಾಮಾನ್ಯ ರಿಪ್ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ದೊಡ್ಡ ಅಲೆಗಳ ಗುಂಪು ಬಂದುಹೋದ ಮೇಲೆ ಕೆಲ ಹೊತ್ತು 2 ಮೀಟರ್ ದಾಟಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾನ್ ಝಾನ್‌ಲೆ 100 ಮೀಟರ್ ಫ್ರೀಸ್ಟೈಲ್ ವಿಶ್ವದಾಖಲೆ ಮಾಡಿದ್ದು 46.40 ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿಗೆ 2.15 ಮೀಟರ್. ಅದೂ ಅಲೆಯೇ ಇಲ್ಲದ ಕೊಳದಲ್ಲಿ, ಮುಕ್ಕಾಲು ನಿಮಿಷ. 50 ಮೀಟರನ್ನು 65 ಸೆಕೆಂಡಿಗೆ ಈಜೋರ ವೇಗ 0.77. ಅರ್ಧ ಮೀಟರಿನ ರಿಪ್‌ಗೆ ಎದುರು ಈಜಿದರೆ ನಿವ್ವಳ 0.27 ಉಳಿಯುತ್ತೆ, 40 ಮೀಟರ್ ದಡಕ್ಕೆ ಎರಡೂವರೆ ನಿಮಿಷ, ಪೂರ್ತಿ ದಮ್ಮು ಕಟ್ಟಿ. ಮಧ್ಯೆ ಒಂದು ಗುಂಪು ಅಲೆ ಬಂತೋ, ಗಳಿಸಿದ್ದೆಲ್ಲಾ ಹೋಯ್ತು. ಜನ ಸಾಯೋದು ನೀರು ಕೆಳಕ್ಕೆ ಎಳೆದು ಅಲ್ಲ. ರಿಪ್ ಆಚೆಗೆ ಒಯ್ಯುತ್ತೆ, ಕೆಳಕ್ಕಲ್ಲ. ದಡಕ್ಕೆ ನೇರವಾಗಿ ಈಜಿ ಈಜಿ ಸುಸ್ತಾಗಿ ಮುಳುಗುತ್ತಾರೆ.

ನೊರೆತೆರೆ
ಅದಕ್ಕೇ ದಡಕ್ಕೆ ಸಮಾನಾಂತರವಾಗಿ ಈಜಿ ಅನ್ನೋದು. ಈ ಮಾತು ಎಲ್ಲಾ ಬೋರ್ಡ್‌ಗಳ ಮೇಲೂ ಇದೆ.

ಕಲ್ಲುಕಟ್ಟೆ
ಬೋರ್ಡ್‌ನಲ್ಲಿದೆ, ಆದರೆ ಅರ್ಧ. ಯಾವ ಕಡೆಗೆ ಸಮಾನಾಂತರ? ರಿಪ್ ಓರೆಯಾಗಿದ್ದರೆ ಅಥವಾ ದಡದುದ್ದದ ಹರಿವು ಬಲವಾಗಿದ್ದರೆ ಒಂದು ಕಡೆಗೆ ಈಜಿದರೆ ಮತ್ತೆ ಹರಿವಿನ ಎದುರೇ ಈಜಿದ ಹಾಗೆ. ಇನ್ನೊಂದು ವಿಷಯ, ಜಿಪಿಎಸ್ ಕಟ್ಟಿದ ತೇಲುಬುಡ್ಡೆ ಬಿಟ್ಟು ಅಳೆದ ಸಂಶೋಧನೆಗಳಲ್ಲಿ ಎಷ್ಟೋ ರಿಪ್‌ಗಳು ಅಲೆ ಒಡೆಯೋ ವಲಯದ ಒಳಗೇ ಸುತ್ತಿ ಮತ್ತೆ ದಿಣ್ಣೆಯ ಮೇಲೆ ತಂದುಬಿಡುತ್ತವೆ ಅಂತ ಕಂಡಿದೆ. ಎಲ್ಲವೂ ಅಲ್ಲ, ಕೆಲವು ಆಚೆಗೇ ಒಯ್ಯುತ್ತವೆ. ಅದಕ್ಕೇ ಒಂದೇ ಮಂತ್ರ ಎಲ್ಲಾ ಕಡೆ ನಡೆಯಲ್ಲ.

ತೇಲುಬುಡ್ಡೆ
ಇಬ್ಬರೂ ಜಗಳ ನಿಲ್ಲಿಸಿ, ಮೊದಲ ಒಂದು ನಿಮಿಷಕ್ಕೆ ಎರಡೂ ಬೇಕಿಲ್ಲ. ಮೊದಲು ತೇಲಬೇಕು. ಬ್ರಿಟನ್ನಿನ ಆರ್‌ಎನ್‌ಎಲ್‌ಐ ರಕ್ಷಣಾ ಸಂಸ್ಥೆ ವರ್ಷಗಳಿಂದ ಹೇಳ್ತಾ ಇರೋದು ಇದನ್ನೇ.

ಮಾಡೋದು ಹೀಗೆ: ತಲೆ ಹಿಂದಕ್ಕೆ ವಾಲಿಸಿ, ಕಿವಿ ನೀರೊಳಗೆ ಮುಳುಗುವಷ್ಟು. ಕೊಳದ ಈಜುಗಾರರು ಎಡವೋದು ಇಲ್ಲೇ, ತಲೆ ಎತ್ತಿ ದಡ ನೋಡ್ತಾರೆ, ತಲೆ ಎತ್ತಿದ ಕೂಡಲೇ ಸೊಂಟ ಇಳಿಯುತ್ತೆ. ಕೈ ಅಗಲಿಸಿ, ಅಂಗೈಯನ್ನು ಮೆಲ್ಲಗೆ ಆಚೀಚೆ ಆಡಿಸಿ. ಕಾಲು ಕೆಳಗೆ ಇಳಿದರೆ ಇಳಿಯಲಿ, ಪರವಾಗಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಒಂದು ಕೈ ಎತ್ತಿ ಕೂಗಿ. ಆಮೇಲೆ ಸುತ್ತ ನೋಡಿ, ಅಲೆ ಒಡೆದು ಬಿಳಿಯಾಗಿರೋ ಜಾಗ ಯಾವ ಪಕ್ಕಕ್ಕೆ ಹತ್ತಿರವೋ ಆ ಕಡೆ ಹೋಗಿ. ಬಿಳಿ ಅಂದರೆ ಆಳ ಕಡಿಮೆ, ಮತ್ತು ಆ ಅಲೆಗಳೇ ದಡಕ್ಕೆ ತಳ್ಳುತ್ತವೆ. ಒಂದು ಕಡೆ ಮೂವತ್ತು ಹೊಡೆತ ಹಾಕಿದರೂ ಮುಂದೆ ಹೋಗ್ತಿಲ್ಲ ಅನಿಸಿದರೆ ಇನ್ನೊಂದು ಕಡೆ ತಿರುಗಿ.

ಮಕ್ಕಳಿಗೆ ಈ ತೇಲೋದನ್ನು ಹೊರಡೋ ಮೊದಲೇ ಕೊಳದಲ್ಲಿ ಕಲಿಸಿ. ಮೂರು ನಿಮಿಷ ಕದಲದೆ ತೇಲಲು ಬರದ ಮಗುವಿಗೆ ಎಷ್ಟು ಲ್ಯಾಪ್ ಹೊಡೆಯಲು ಬಂದರೂ ಕಡಲಲ್ಲಿ ಈಜು ಬರುತ್ತೆ ಅಂತ ನಾನು ಒಪ್ಪಲ್ಲ.

ಕೊಳದಮೀನು
ಹಾಗಾದರೆ ಮಕ್ಕಳಿಗೆ ಗಾಳಿ ತುಂಬೋ ಟ್ಯೂಬ್ ಕೊಟ್ಟರೆ ತೇಲೋ ಸಮಸ್ಯೆಯೇ ಇರಲ್ಲ ಅಲ್ವಾ?

ತೇಲುಬುಡ್ಡೆ
ಬೇಡವೇ ಬೇಡ.

ಪಡುವಣಗಾಳಿ
ಟ್ಯೂಬ್, ಗಾಳಿ ಹಾಸಿಗೆ, ಪ್ಲಾಸ್ಟಿಕ್ ಬಾತುಕೋಳಿ, ಎಲ್ಲವೂ ಹಾಯಿ ಇದ್ದ ಹಾಗೆ. ಮುಕ್ಕಾಲು ಭಾಗ ನೀರಿನ ಮೇಲೆ, ತೂಕ ಏನೂ ಇಲ್ಲ. ನೆಲದಿಂದ ಕಡಲಿಗೆ ಗಾಳಿ ಬೀಸ್ತಿದ್ದರೆ ನೀವು ಈಜುವುದಕ್ಕಿಂತ ಬೇಗ ಅದು ಹೋಗುತ್ತೆ. ಮೋಸ ಏನಂದರೆ ಆ ದಿಕ್ಕಿನ ಗಾಳಿ ಇರುವಾಗ ದಡದ ಹತ್ತಿರ ನೀರು ಅತಿ ನುಣುಪಾಗಿ ಕಾಣೋದು. ಗಾಳಿಗೆ ಅಲೆ ಎಬ್ಬಿಸಲು ಇನ್ನೂ ದೂರ ಸಿಕ್ಕಿರಲ್ಲ. 300 ಮೀಟರ್ ಆಚೆ ನೋಡಿ, ಬಿಳಿ ನೊರೆತಲೆಗಳು ಕಾಣುತ್ತವೆ. ಕೆಲವು ದೇಶಗಳ ತೀರದಲ್ಲಿ ಇದಕ್ಕಂತಲೇ ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟಿರುತ್ತಾರೆ, ಅದು ಹಾರುತ್ತಿದ್ದರೆ ಗಾಳಿ ತುಂಬಿದ ಯಾವುದನ್ನೂ ನೀರಿಗೆ ತರಬಾರದು.

ಸೂತ್ರ ಬೇಕಾದರೆ ಒಂದು ಹಿಡಿ ಒಣ ಮರಳು ಸೊಂಟದ ಎತ್ತರದಿಂದ ಬಿಡಿ. ನೀರಿನ ಕಡೆ ಹಾರಿದರೆ ಟ್ಯೂಬ್ ಮರಳಲ್ಲೇ ಇರಲಿ. ಮಗುವಿಗೆ ಬೇಕಾದ್ದು ಮೈಗೆ ಸರಿಯಾಗಿ ಕಟ್ಟೋ, ಕಾಲ ಸಂದಿನಿಂದ ಪಟ್ಟಿ ಇರೋ ಲೈಫ್ ಜಾಕೆಟ್. ಭುಜ ಹಿಡಿದು ಎತ್ತಿದಾಗ ಜಾಕೆಟ್ ಕಿವಿಯ ತನಕ ಏರಿದರೆ ಅದು ದೊಡ್ಡದಾಯ್ತು.

ಸಂಜೆತೀರ
ಬಾವುಟದ ವಿಷಯ ಯಾರೂ ಹೇಳಲಿಲ್ಲ. ಹಳದಿ ಇದ್ದರೆ ಹುಷಾರು, ಕೆಂಪು ಇದ್ದರೆ ಇಳಿಯಬೇಡಿ, ಅಷ್ಟೇ ಅಲ್ವಾ?

ಕಲ್ಲುಕಟ್ಟೆ
ಅಷ್ಟೇ ಅಂದುಕೊಂಡರೆ ನಷ್ಟವಿಲ್ಲ, ಆದರೆ ಪೂರ್ತಿ ಅಲ್ಲ. ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರೋ ಬಾವುಟ ಎರಡು ಕಡೆ ನೆಟ್ಟಿದ್ದರೆ ಅವೆರಡರ ನಡುವೆ ಗಾರ್ಡ್‌ಗಳ ಕಣ್ಣಿದೆ, ಈಜಬೇಕಾದ್ದು ಅಲ್ಲಿ ಮಾತ್ರ. ಕಪ್ಪು ಬಿಳಿ ನಾಲ್ಕು ಚೌಕದ್ದು ಸರ್ಫ್ ಹಲಗೆಯವರ ಜಾಗ, ಅಲ್ಲಿ ಈಜಿದರೆ ಹಲಗೆ ತಲೆಗೆ ಬಡಿಯುತ್ತೆ. ನೇರಳೆ ಇದ್ದರೆ ಕುಟುಕೋ ಜೀವಿಗಳಿವೆ. 2007ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20712ರ ಎರಡನೇ ಭಾಗ ಬಂದಿದ್ದೇ ತೀರದ ಬಾವುಟಗಳಿಗಾಗಿ, ಆದರೂ ಎಲ್ಲಾ ದೇಶ ಒಂದೇ ಥರ ಪಾಲಿಸಲ್ಲ. ಒಂಟಿ ಕೆಂಪು ಕೆಲವು ಕಡೆ "ಇಳಿಯಲೇಬೇಡಿ", ಇನ್ನು ಕೆಲವು ಕಡೆ "ಅಪಾಯ ಹೆಚ್ಚು" ಮಾತ್ರ, ಪೂರ್ತಿ ಮುಚ್ಚಿದ್ದಕ್ಕೆ ಜೋಡಿ ಕೆಂಪು. ಕೊಳದ ಈಜುಗಾರರಿಗೆ ಈ ವ್ಯತ್ಯಾಸ ಅನಗತ್ಯ, ಕೆಂಪು ಅಂದರೆ ದಡ. ಬಾವುಟವೇ ಇಲ್ಲ ಅಂದರೆ ಯಾರೂ ನೋಡಿಲ್ಲ ಅಂತ ಅರ್ಥ, ಸುರಕ್ಷಿತ ಅಂತಲ್ಲ.

ಇನ್ನೊಂದು, ಬಾವುಟ ದಿನವಿಡೀ ಒಂದೇ ಜಾಗದಲ್ಲಿ ಇರಲ್ಲ. ನೀರಿನ ಮಟ್ಟ ಬದಲಾದಂತೆ ರಿಪ್ ಜಾಗ ಬದಲಿಸುತ್ತೆ, ಗಾರ್ಡ್‌ಗಳು ಬಾವುಟ ಕಿತ್ತು ಬೇರೆ ಕಡೆ ನೆಡ್ತಾರೆ. ಊಟ ಮುಗಿಸಿ ಬಂದು ಬೆಳಿಗ್ಗೆಯ ಜಾಗಕ್ಕೇ ಇಳಿಯೋದು ಸರಿಯಲ್ಲ.

ಉಬ್ಬರವಿಳಿತ
ನೀರಿನ ಮಟ್ಟದ ಮಾತು ಬಂತಲ್ಲ. ಹೆಚ್ಚಿನ ಕಡಲುಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ, ಹಾಗಾಗಿ ಇವತ್ತಿನ ಸಮಯಕ್ಕೆ ನಾಳೆ ಸುಮಾರು 50 ನಿಮಿಷ ಸೇರಿಸಿ. ನೀರು ಒಟ್ಟು ಇಳಿಯೋ ಎತ್ತರವನ್ನು ಹನ್ನೆರಡು ಪಾಲು ಮಾಡಿ: ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತೆ. ಉಬ್ಬರ ಇಳಿತದ ಅಂತರ 3 ಮೀಟರ್ ಇದ್ದರೆ ಮೊದಲ ಗಂಟೆ 25 ಸೆಂಟಿಮೀಟರ್ ಇಳಿಯುತ್ತೆ, ಮೂರನೇ ಮತ್ತು ನಾಲ್ಕನೇ ಗಂಟೆ ತಲಾ 75. ಹರಿವು ಜೋರಾಗಿರೋದೂ ಆ ನಡುವಿನ ಎರಡು ಗಂಟೆ, ಅದರಲ್ಲೂ ಅಳಿವೆ, ಕಾಲುವೆ ಬಾಯಿಗಳ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ನಂತರದ ಒಂದೆರಡು ದಿನ ಅಂತರ ಅತಿ ಹೆಚ್ಚು. ಅಷ್ಟಮಿಯ ಆಸುಪಾಸು ಅತಿ ಕಡಿಮೆ. ಮೆಡಿಟರೇನಿಯನ್ ಥರದ ಮುಚ್ಚಿದ ಕಡಲಲ್ಲಿ ಇದೆಲ್ಲಾ ಬಹುಪಾಲು ಕಡೆ ಕೆಲವೇ ಗೇಣು, ತಲೆಕೆಡಿಸ್ಕೊಬೇಡಿ.

ರಿಪ್ ಸಾಮಾನ್ಯವಾಗಿ ಬಲವಾಗೋದು ನೀರು ತಗ್ಗಿದಾಗ. ದಿಣ್ಣೆಗಳ ಮೇಲೆ ನೀರು ಕಡಿಮೆಯಾಗಿ ಅಲೆಯೆಲ್ಲಾ ಅಲ್ಲೇ ಒಡೆದು, ವಾಪಸ್ಸಿಗೆ ತಗ್ಗು ಒಂದೇ ದಾರಿ ಆಗುತ್ತೆ.

ಕಡಿದಾದದಡ
ಅಂದರೆ ಉಬ್ಬರದಲ್ಲಿ ಇಳಿಯಿರಿ ಅಂತಲೂ ಅಲ್ಲ! ಎಷ್ಟೋ ತೀರದಲ್ಲಿ ಕೆಳಭಾಗ ಸಮ, ಮೇಲ್ಭಾಗ ಕಡಿದು. ಪೂರ್ತಿ ಉಬ್ಬರ ಬಂದಾಗ ಅಲೆ ಆ ಕಡಿದಾದ ಅಂಚಿಗೇ ಬಡಿಯುತ್ತೆ.

ಉಬ್ಬರವಿಳಿತ
ಹೌದು, ಸರಿಯಾಗಿ ಹೇಳಿದ್ರಿ. ಎರಡರ ನಡುವಿನ ಹೊತ್ತು, ನೀರು ಏರ್ತಾ ಇರುವಾಗ, ಬಹುಪಾಲು ತೀರಗಳಿಗೆ ಹೊಂದುತ್ತೆ. ಒಂದು ಎಚ್ಚರಿಕೆ: ಬಂಡೆ ಸುತ್ತಿ ಪಕ್ಕದ ಸಣ್ಣ ತೀರಕ್ಕೆ ನಡೆದು ಹೋಗಿದ್ದರೆ ನೀರು ಏರೋ ಮೊದಲು ವಾಪಸ್ ಬನ್ನಿ. ದಾರಿ ಮುಚ್ಚಿಹೋಗುತ್ತೆ.

ಮೀನಗೂಡು
ಜೆಲ್ಲಿ ಮೀನು ಕುಟುಕಿದರೆ ವಿನಿಗರ್ ಒಂದು ಬಾಟಲಿ ಚೀಲದಲ್ಲಿ ಇಟ್ಕೊಳ್ಳಿ. ವಿನಿಗರ್ ಇಲ್ಲದಿದ್ರೆ ಮೂತ್ರವೂ ಆಗುತ್ತಂತೆ.

ತೇಲುಬುಡ್ಡೆ
ಮೂತ್ರದ ಕತೆ ಇನ್ನೂ ಬಿಟ್ಟಿಲ್ವಾ ಜನ! ಅದರಿಂದ ಪ್ರಯೋಜನ ಇಲ್ಲ. ಸಿಹಿನೀರು ಹಾಕಬೇಡಿ, ಮರಳಿನಿಂದ ಉಜ್ಜಬೇಡಿ, ಎರಡೂ ಚರ್ಮಕ್ಕೆ ಅಂಟಿದ ಇನ್ನೂ ಸಿಡಿಯದ ಕುಟುಕುಕೋಶಗಳನ್ನು ಸಿಡಿಸುತ್ತವೆ. ವಿನಿಗರ್ ಉಷ್ಣವಲಯದ ಬಾಕ್ಸ್ ಜೆಲ್ಲಿಗೆ ಸರಿ: ಕನಿಷ್ಠ 30 ಸೆಕೆಂಡ್ ಸುರಿದು, ತಕ್ಷಣ ತುರ್ತು ಸಹಾಯಕ್ಕೆ ಕರೆ ಮಾಡಿ. ನೀಲಿ ಗಾಳಿಗುಳ್ಳೆಯ ಬ್ಲೂಬಾಟಲ್ ಆದರೆ ಎಳೆ ತೆಗೆದು, ಕಡಲ ನೀರಲ್ಲೇ ತೊಳೆದು, ಸುಮಾರು 45 ಡಿಗ್ರಿಯ ಬಿಸಿನೀರಲ್ಲಿ 20 ನಿಮಿಷ ಇಡಿ. ಬಿಸಿಯನ್ನು ಮೊದಲು ನಿಮ್ಮ ಕೈಯಲ್ಲಿ ಪರೀಕ್ಷಿಸಿ. ಎಲ್ಲಕ್ಕಿಂತ ಸುಲಭ, ಅಲೆ ಬಂದು ನಿಲ್ಲೋ ಗೆರೆಯಲ್ಲಿ ನೀಲಿ ಗುಳ್ಳೆಗಳು ಬಿದ್ದಿವೆಯಾ ಅಂತ ಇಳಿಯೋ ಮೊದಲೇ ನೋಡೋದು. ಗಾಳಿ ಕಡಲಿಂದ ಎರಡು ದಿನ ಬೀಸಿದ್ದರೆ ಇದ್ದೇ ಇರುತ್ತವೆ ಅಂದುಕೊಳ್ಳಿ.

ನೊರೆತೆರೆ
ಜೆಲ್ಲಿ ಮೀನಿಗೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಅಲೆ ಸಾಕು.

ಉಬ್ಬರವಿಳಿತ
ಮಳೆಯೊಂದನ್ನು ಸೇರಿಸಿ ಸುಮ್ಮನಾಗ್ತೀನಿ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಅಳಿವೆ, ಚರಂಡಿ ಬಾಯಿಗಳ ಹತ್ತಿರ ಇಳಿಯಬೇಡಿ. ಕೊಳಚೆ ಒಂದು, ಕಂದು ನೀರಲ್ಲಿ ತಳ ಕಾಣದಿರೋದು ಇನ್ನೊಂದು, ತೇಲಿ ಬರೋ ಮರದ ದಿಮ್ಮಿ ಮೂರನೆಯದು. ಗುಡುಗು ಕೇಳಿದರೆ ಎಲ್ಲರೂ ಹೊರಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ವಾಪಸ್ ಇಳಿಯಬೇಡಿ.

ಸಂಜೆತೀರ
ಮಗು ಸೆಳೆತಕ್ಕೆ ಸಿಕ್ಕಿದ್ದು ಕಂಡರೆ ತಂದೆತಾಯಿ ನಿಂತು ನೋಡ್ತಾರಾ? ಹಾರೇ ಹಾರ್ತಾರೆ. ಆಗ ಏನು?

ತೇಲುಬುಡ್ಡೆ
ಹಾರ್ತಾರೆ ಅಂತ ಗೊತ್ತಿರೋದರಿಂದಲೇ ಮೊದಲೇ ತಯಾರಿ ಬೇಕು. ಬರಿಗೈಯಲ್ಲಿ ಹೋದವರನ್ನು ಮುಳುಗುತ್ತಿರೋರು ಹತ್ತಿ ಒತ್ತುತ್ತಾರೆ, ಮಗುವಿನ ಜೊತೆ ಅಪ್ಪನೂ ಹೋಗೋ ಸುದ್ದಿ ಹಾಗೇ ಆಗೋದು. ಕ್ರಮ: ಗಾರ್ಡ್‌ಗೆ ಕೂಗಿ, ಒಬ್ಬರನ್ನು ಬೆರಳು ತೋರಿಸಿ ಫೋನ್ ಮಾಡಲು ಹೇಳಿ, ಮಗುವಿನ ಮೇಲಿಂದ ಕಣ್ಣು ತೆಗೆಯಬೇಡಿ, ತೇಲೋದನ್ನು ಎಸೆಯಿರಿ. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನ್, ಗಟ್ಟಿ ಥರ್ಮೋಕೋಲ್ ಪೆಟ್ಟಿಗೆ, ಚೆಂಡು ಯಾವುದಾದರೂ. ಕ್ಯಾನ್ ಒಳಗೆ ಒಂದು ಲೋಟ ನೀರು ಬಿಟ್ಟಿದ್ದರೆ ಗಾಳಿಗೆ ತಿರುಗದೆ ದೂರ ಹೋಗುತ್ತೆ. ಹೋಗಲೇಬೇಕಾಗಿ ಬಂದರೆ ಅಂಥದ್ದೊಂದನ್ನು ಹಿಡಿದೇ ಹೋಗಿ, ಮತ್ತೆ ಅದನ್ನು ಮಗುವಿಗೆ ಚಾಚಿ, ಕೈಯನ್ನಲ್ಲ.

ಹೊರಗೆ ತಂದಾಗ ಉಸಿರಿಲ್ಲದಿದ್ದರೆ ಎದೆ ಒತ್ತೋದಷ್ಟೇ ಸಾಲದು. ಮುಳುಗಿದವರಿಗೆ ಕೊರತೆಯಾಗಿರೋದು ಆಮ್ಲಜನಕ, ಬಾಯಿಗೆ ಬಾಯಿಟ್ಟು ಉಸಿರು ಮೊದಲು ಕೊಡಬೇಕು. ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ, ಸಮಯ ಹಾಳು ಮತ್ತು ವಾಂತಿ ಶ್ವಾಸಕೋಶಕ್ಕೆ ಹೋಗುತ್ತೆ.

ಕೊಳದಮೀನು
ಬುಕ್ ಮಾಡಿರೋ ಒಂದು ತೀರದ ವೆಬ್‌ಕ್ಯಾಮ್ ಈಗ ನೋಡ್ತಾ ಇದ್ದೀನಿ. ಮೂರು ಬಿಳಿ ಸಾಲು ಇದೆ, ಬಲಗಡೆ ಕಲ್ಲಿನ ಗೋಡೆ, ಎಡಗಡೆ ಎಲ್ಲೋ ಒಂದು ಕಡೆ ಸಾಲು ತುಂಡಾಗಿದೆ. ಕ್ಯಾಮೆರಾ ಎತ್ತರದಲ್ಲಿದೆ. ಇವತ್ತು ಅಲ್ಲಿ 0.6 ಮೀಟರ್, 7 ಸೆಕೆಂಡ್.

ಕಡಲಕಾಗೆ
ಒಳ್ಳೆ ಅಭ್ಯಾಸ. ತಳ ಸಮ, ಅಲೆ ಸಣ್ಣದು. ಎಡಗಡೆ ತುಂಡಾಗಿರೋ ಜಾಗ ಎರಡು ದಿನ ಅಲ್ಲೇ ಇದೆಯಾ, ನೀರು ಇಳಿದಾಗ ಅಗಲ ಆಗುತ್ತಾ ನೋಡಿ. ಅಲ್ಲೇ ಇದ್ದರೆ ತಗ್ಗು ಖಾಯಂ. ನಡುವೆ ಉಳಿದ ಜಾಗ ಗೋಡೆಯಿಂದಲೂ ತಗ್ಗಿನಿಂದಲೂ ದೂರ ಇರೋವಷ್ಟು ಅಗಲ ಇದೆಯಾ ಅನ್ನೋದೇ ಪ್ರಶ್ನೆ. ಗಾರ್ಡ್‌ಗಳು ಬಾವುಟ ಎಲ್ಲಿ ನೆಟ್ಟಿದ್ದಾರೆ ಕ್ಯಾಮೆರಾದಲ್ಲಿ ಕಾಣುತ್ತಾ?

ಕೊಳದಮೀನು
ಕಾಣುತ್ತೆ, ನಡುವೆಯೇ ಇದೆ, ಎರಡರ ಮಧ್ಯೆ ಅಂದಾಜು 60 ಮೀಟರ್. ಬೆಳಿಗ್ಗೆ 7ಕ್ಕೆ ಇಳಿಯೋದಾ, ಸಂಜೆ 4ಕ್ಕಾ? ಬೆಳಿಗ್ಗೆ ನೀರು ಕನ್ನಡಿ ಥರ ಇತ್ತು ನಿನ್ನೆ.

ಪಡುವಣಗಾಳಿ
ಬಿಸಿಲಿನ ದಿನಗಳಲ್ಲಿ ನೆಲ ಕಾದು ಹೊತ್ತು ಏರಿದ ಮೇಲೆ ಕಡಲಗಾಳಿ ಶುರುವಾಗುತ್ತೆ, ಮಧ್ಯಾಹ್ನ ಮೂರರ ಹೊತ್ತಿಗೆ ಜೋರು, ನೀರು ಕಲಕುತ್ತೆ. ಬೆಳಿಗ್ಗೆ ನುಣುಪು, ಆದರೆ ಆಗ ನೆಲಗಾಳಿ ಕಡಲ ಕಡೆಗೆ ಬೀಸ್ತಾ ಇರುತ್ತೆ, ಟ್ಯೂಬ್‌ನ ಮಾತು ನೆನಪಿರಲಿ. 4ಕ್ಕಿಂತ ಬೆಳಿಗ್ಗೆಯೇ ವಾಸಿ.

ನೊರೆತೆರೆ
7ಕ್ಕೆ ಬಾವುಟ ಇತ್ತಾ ಕ್ಯಾಮೆರಾದಲ್ಲಿ?

ಕೊಳದಮೀನು
ಇಲ್ಲ. 9ಕ್ಕೆ ಬಂದು ನೆಟ್ಟರು.

ನೊರೆತೆರೆ
ಹಾಗಾದರೆ 9ಕ್ಕೆ.